ಏಳನೇ ಕಂಬದ ಟಿಪ್ಪಣಿ

"ಖಾಲಿ ಅಂತ ನೀವು ಹೇಳ್ತಿದೀರಿ ತಾಯಿ. ಆದರೆ ಅದು ಹೇಳ್ತಿಲ್ಲವಲ್ಲ," ಎಂದ ನಿಧಾನಪ್ಪ.

ಇನ್ಸ್‌ಪೆಕ್ಟರ್ ಅವನ ಹೆಗಲ ಹಿಂದಿನಿಂದ ಬಗ್ಗಿ ನೋಡಿದಳು. ಪರದೆಯ ಎಡಕ್ಕೆ ಕಟ್ಟಡದ ನಕ್ಷೆ. ಗೋಡೆ, ಕಂಬ, ಮೆಟ್ಟಿಲು ಎಲ್ಲ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ. ಬಲಕ್ಕೆ ಅಂಗೈಯಗಲದ ಒಂದು ಪಟ್ಟಿ, ಪ್ಯಾನೆಲ್. ನಕ್ಷೆಯಲ್ಲಿ ಯಾರಾದರೂ ತಪ್ಪು ಹುಡುಕಿ ಟಿಪ್ಪಣಿ ಬರೆದಿದ್ದರೆ ಅವೆಲ್ಲ ಒಂದರ ಕೆಳಗೊಂದು ಕಾಣಬೇಕಾದ ಜಾಗ ಅದು. ಅಲ್ಲಿ ಏನೂ ಇರಲಿಲ್ಲ. ಬರೀ ಬೂದು ಬಿಳುಪು.

"ಆರು ದಿನದಿಂದ ಇದನ್ನೇ ನೋಡ್ತಿದೀನಿ ಅಣ್ಣ. ಹೊಸದೇನು ಕಂಡಿತು ನಿಮಗೆ?"

ನಿಧಾನಪ್ಪ ತನ್ನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ಇದು ಕಚೇರಿಯ ಸರ್ವರ್‌ನಲ್ಲಿರೋ ಪಿಡಿಎಫ್. ಅದೇ ನಕ್ಷೆ. ಇಲ್ಲೂ ಪ್ಯಾನೆಲ್ ಖಾಲಿ. ಆದರೆ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಓದಿ."

"'ಈ ಕಡತದಲ್ಲಿ ಟಿಪ್ಪಣಿಗಳಿಲ್ಲ.'"

"ಹಾಂ. ಇಲ್ಲದಿದ್ರೆ ಇಲ್ಲ ಅಂತ ಬಾಯಿಬಿಟ್ಟು ಹೇಳುತ್ತೆ. ಸತ್ತ ತಾತನ ಈ ಮಷೀನು ಹಾಗಲ್ಲ. ಇಲ್ಲ ಅಂತಾನೂ ಅನ್ನಲ್ಲ, ಇದೆ ಅಂತಾನೂ ಅನ್ನಲ್ಲ. ಇದು ಖಾಲಿ ಅಲ್ಲ ತಾಯಿ. ಇದರ ಬಾಯಿ ಕಟ್ಟಿದೆ."

ಒಂಬತ್ತು ದಿನದ ಹಿಂದೆ, ದುಡಿಯುವ ಹೆಂಗಸರು ಬಾಡಿಗೆಗಿದ್ದ ವಸತಿಗೃಹದ ನೀರಿನ ಟ್ಯಾಂಕು ಮೂರು ಮಹಡಿಗಳನ್ನು ಸೀಳಿಕೊಂಡು ಇಳಿದು ಹನ್ನೊಂದು ಜನರನ್ನು ಬಲಿ ತೆಗೆದುಕೊಂಡಿತ್ತು. ಆ ಕಟ್ಟಡದ ಈ ನಕ್ಷೆಯನ್ನು ಪರಿಶೀಲಿಸಿ ಸಹಿ ಹಾಕಿದ್ದ, ಎಲ್ಲರೂ ತಾತ ಎನ್ನುತ್ತಿದ್ದ ಮುದುಕರು ಮೂರನೇ ದಿನ ಇದೇ ಎಂಜಿನಿಯರಿಂಗ್ ಕಚೇರಿಯ ಹಿಂಬದಿ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು.

ಕಚೇರಿಯವರ ಕಥೆ ಸರಳವಾಗಿತ್ತು. ಮುದುಕರ ಕಣ್ಣು ಮಂಜಾಗಿತ್ತು, ನಕ್ಷೆಯ ತಪ್ಪು ಕಾಣಲಿಲ್ಲ, ಸಹಿ ಹಾಕಿಬಿಟ್ಟರು. ಹನ್ನೊಂದು ಹೆಣಗಳ ಸುದ್ದಿ ಕೇಳಿ ತಡೆಯಲಾರದೆ ಮೆಟ್ಟಿಲಿಂದ ಹಾರಿಕೊಂಡರು. ಸಾಕ್ಷಿ ಬೇಕೆ? ಟಿಪ್ಪಣಿಗಳ ಪಟ್ಟಿ ನೋಡಿ, ಒಂದಕ್ಷರವಿಲ್ಲ.

ಒಪ್ಪದಿದ್ದವಳು ಮುದುಕರ ಮಗಳೊಬ್ಬಳೇ. "ನಮ್ಮಪ್ಪ ನನ್ನ ರಜಾ ಅರ್ಜೀನೂ ತಿದ್ದೋರು ಮೇಡಂ. ಸಾಮಾನಿನ ಚೀಟೀಲಿ ಒಂದು ಒತ್ತಕ್ಷರ ತಪ್ಪಿದ್ರೂ ಸರಿ ಮಾಡಿಕೊಂಡೇ ಅಂಗಡಿಗೆ ಹೋಗೋರು. ಅಂಥವರಿಗೆ ಇಡೀ ಕಟ್ಟಡದ ನಕ್ಷೇಲಿ ಒಂದೇ ಒಂದು ತಪ್ಪು ಸಿಗಲಿಲ್ಲ ಅಂದ್ರೆ ಯಾರು ನಂಬ್ತಾರೆ?" ಎಂದಿದ್ದಳು. ಅವಳ ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ 'ಹನ್ನೊಂದು' ಎಂದು ದಪ್ಪಗೆ ಬರೆದು ಹೋಗಿದ್ದರು. ತೊಳೆದಷ್ಟೂ ಅದು ಹರಡಿಕೊಂಡಿತ್ತು.

ಆ ಗೋಡೆ ಇನ್ಸ್‌ಪೆಕ್ಟರ್ ಕಣ್ಣಿಂದ ಇನ್ನೂ ಹೋಗಿರಲಿಲ್ಲ.

ಬೆಳಗಿನ ಹನ್ನೊಂದು ಗಂಟೆ. ಕಚೇರಿಯ ಉದ್ದನೆಯ ಕೋಣೆಯಲ್ಲಿ ತಗಡಿನ ಡಬ್ಬಗಳ ತುಂಬ ಸುರುಳಿ ಸುತ್ತಿದ ನಕ್ಷೆಗಳು. ಮೂಲೆಯಲ್ಲಿ ಹಾಸಿಗೆಯಷ್ಟು ಅಗಲದ ಮುದ್ರಣಯಂತ್ರ, ಅದರ ಮೇಲೊಂದು ಹಳೇ ಹೊದಿಕೆ. ಮುದುಕರ ಮೇಜಿನ ಮೇಲೆ ಭೂತಗನ್ನಡಿ, ಕುರ್ಚಿಯಲ್ಲಿ ಮಧ್ಯಕ್ಕೆ ಕುಳಿಬಿದ್ದ ದಿಂಬು, ಮೇಜಿನ ಕೆಳಗೆ ಲೇಸು ಒಳಗಿಟ್ಟು ಜೋಡಿಸಿದ ಕಪ್ಪು ಬೂಟು. ಕೆಲಸದ ಹೊತ್ತಿನಲ್ಲಿ ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ಮನೆಗೆ ಹೊರಡುವಾಗ ಬೂಟು. ಹೆಣದ ಕಾಲಲ್ಲಿದ್ದದ್ದು ಚಪ್ಪಲಿ. ಅಂದರೆ ಅವರು ಹೊರಡುವವರಿರಲಿಲ್ಲ.

"ಸುಮ್ಮನೆ ಆ ಫೈಲನ್ನ ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಬಾರದಾ?" ಎಂದಳು ಇನ್ಸ್‌ಪೆಕ್ಟರ್.

"ನೋಡಬಹುದು. ನಾಳೆ ಅವರ ವಕೀಲರು 'ಪೊಲೀಸರೇ ಬರೆದು ಸೇರಿಸಿದ್ರು' ಅಂತಾರೆ. ಇದ್ದದ್ದು ಇದ್ದ ಹಾಗೆ ಒಂದು ನಕಲು ತೆಗೆದು ಸೀಲ್ ಮಾಡಿದೀನಿ. ಇನ್ನು ತಾತನ ಮಷೀನಿನ ಬಾಯನ್ನ ತಾತನ ಮಷೀನಿನಲ್ಲೇ ಬಿಡಿಸಬೇಕು, ಇಲ್ಲಿಯವರ ಕಣ್ಣೆದುರಿಗೇ."

ಠಾಣೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಈ ಮನುಷ್ಯನಿಗೆ ನಿಧಾನಪ್ಪ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಒಂದು ಗುಂಡಿ ಒತ್ತಿದರೆ ಕೈ ಹಿಂದೆ ತೆಗೆದು, ಮಗ್ಗಿ ಹೇಳುವವನಂತೆ ತುಟಿಯಲ್ಲೇ ಏನೋ ಎಣಿಸಿ, ಆಮೇಲೆ ಇನ್ನೊಂದು ಒತ್ತುವನು.

ಮೊದಲು ಸಾಫ್ಟ್‌ವೇರನ್ನು ಮುಚ್ಚಿ ತೆರೆದ. ಪಟ್ಟಿ ಬೂದು ಬಿಳುಪಾಗಿಯೇ ಇತ್ತು.

ಪಟ್ಟಿಯ ಅಂಚನ್ನು ಹಿಡಿದು ಎಳೆದ. ಕೆಲವೊಮ್ಮೆ ಒಳಗಿನದು ಮುದುರಿಕೊಂಡು ಬದಿಗೆ ಸೇರಿಕೊಂಡಿರುತ್ತದಂತೆ. ಪಟ್ಟಿ ಅಗಲವಾಯಿತು, ಬಿಳುಪೂ ಅಗಲವಾಯಿತು.

ಪ್ಯಾನೆಲ್‌ಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ತರುವ ಗುಂಡಿ ಒತ್ತಿದ. ಉಳಿದವು ಬಂದು ಕುಳಿತವು. ಇದು ಮಾತ್ರ ಹಾಗೇ.

ಬೇರೆ ನಾಲ್ಕು ನಕ್ಷೆಗಳನ್ನು ತೆರೆದ. ನಾಲ್ಕರಲ್ಲೂ ಪಟ್ಟಿ ಮೂಕ. ನಿಧಾನಪ್ಪನ ಮುಖ ಅರಳಿತು.

"ನೋಡಿದ್ರಾ? ಕಾಯಿಲೆ ನಕ್ಷೇದಲ್ಲ, ಸಾಫ್ಟ್‌ವೇರಿಂದು. ತಾತನ ಮಷೀನಿನಲ್ಲಿ ಯಾವ ಫೈಲು ತೆರೆದ್ರೂ ಪ್ಯಾನೆಲ್ ಸತ್ತಿರುತ್ತೆ. ಹಾಗಾದ್ರೆ ಅವರು ಕೆಲಸ ಹೇಗೆ ಮಾಡ್ತಿದ್ರು?"

ಪ್ರಶ್ನೆ ಪಕ್ಕದ ಮೇಜಿಗೆ ಹೋಯಿತು. ಅಲ್ಲಿ ನಕ್ಷೆ ಬಿಡಿಸುವವಳು ಕುಳಿತಿದ್ದಳು. ಮೂವತ್ತರ ಹೆಂಗಸು, ಮನೆಯಲ್ಲಿ ಎಂಟು ತಿಂಗಳ ಕೂಸು, ನಿದ್ದೆಯಿಲ್ಲದ ಕಣ್ಣು. ಎಂಜಿನಿಯರುಗಳ ಲೆಕ್ಕವನ್ನು ಗೆರೆಗಳಿಗೆ ಇಳಿಸುವುದು ಅವಳ ಕೆಲಸ. ಅವಳ ಗೆರೆಗಳಲ್ಲಿ ತಪ್ಪು ಹುಡುಕುವುದು ತಾತನದಾಗಿತ್ತು. ಏಳು ವರ್ಷ ಅಕ್ಕಪಕ್ಕ ಕುಳಿತವರು.

"ಪ್ಯಾನೆಲ್ ಚೆನ್ನಾಗೇ ಇತ್ತು," ಎಂದಳು ಅವಳು. "ಹೆಣ ಸಿಕ್ಕ ಹಿಂದಿನ ದಿನ ಸಂಜೆ ನಾನು ಹೊರಡುವಾಗಲೂ ತಾತ ಅದರಲ್ಲಿ ಏನೋ ಟೈಪ್ ಮಾಡ್ತಿದ್ರು. ಕೆಂಪು ಕೆಂಪಾಗಿ ಕಾಣ್ತಿತ್ತು. 'ಇವತ್ತು ಯಾರ ಗ್ರಹಚಾರ ತಾತ' ಅಂದೆ. ತಲೆ ಎತ್ತಲಿಲ್ಲ."

"ಇದನ್ನ ಆರು ದಿನದಿಂದ ಯಾಕೆ ಹೇಳಲಿಲ್ಲ?" ಇನ್ಸ್‌ಪೆಕ್ಟರ್ ದನಿ ಚೂಪಾಯಿತು.

"ಬೇರೆ ಯಾವುದೋ ನಕ್ಷೆ ಅಂದ್ಕೊಂಡೆ ಮೇಡಂ. ಇದರಲ್ಲಿ ಕಮೆಂಟೇ ಇಲ್ಲ ಅಂತ ದೊಡ್ಡ ಎಂಜಿನಿಯರ್ ಸಾಹೇಬರೇ ಹೇಳಿದ್ರಲ್ಲ. ಮತ್ತೆ ಹಾಳೆ ಮೇಲೂ ಒಂದು ಗುರುತಿಲ್ಲ..."

"ಹೌದು, ಅದು ಹೇಗೆ? ಪ್ಯಾನೆಲ್ ಕೆಟ್ಟರೆ ಕೆಡಲಿ. ನಕ್ಷೆಯ ಮೇಲೆ ಹಾಕಿದ ಸುತ್ತು, ಬಾಣದ ಗುರುತು ಎಲ್ಲಿ ಹೋದ್ವು?"

"ಅದು ತಾತನ ಅಭ್ಯಾಸ. ಸಂಜೆ ಎಲ್ಲ ಗುರುತು ಮರೆಮಾಡಿ ಇಡ್ತಿದ್ರು. ಬೆಳಿಗ್ಗೆ ಬಂದು ಹಾಳೇನ ಮೊದಲ ಸಲ ನೋಡೋ ಹಾಗೆ ನೋಡಬೇಕು, ಆಗ ನಿನ್ನೆ ಕಾಣದ್ದು ಇವತ್ತು ಕಾಣುತ್ತೆ ಅಂತಿದ್ರು."

"ಮರೆಮಾಡೋ ಗುಂಡಿ ಎಲ್ಲಿರುತ್ತೆ?"

ಉತ್ತರ ಕೊಟ್ಟದ್ದು ನಿಧಾನಪ್ಪ, ಬೆರಳನ್ನು ಆ ಬೂದು ಬಿಳುಪಿನ ತುದಿಗೆ ಇಟ್ಟು. "ಇಲ್ಲಿ. ಈ ಪ್ಯಾನೆಲ್‌ನ ಒಳಗೇ."

ಇನ್ಸ್‌ಪೆಕ್ಟರ್ ಮೆಲ್ಲಗೆ ಕುರ್ಚಿಯೆಳೆದು ಕುಳಿತಳು.

"ಇನ್ನೊಂದು ಇದೆ," ನಿಧಾನಪ್ಪ ದನಿ ತಗ್ಗಿಸಿದ. "ಆವತ್ತು ರಾತ್ರಿ ಈ ಸಾಫ್ಟ್‌ವೇರು ತಾನೇ ತಾನಾಗಿ ಅಪ್‌ಡೇಟ್ ಆಗಿದೆ. ಹೊಸ ಪ್ಯಾನೆಲ್‌ಗೆ ತಾತನ ಹಳೇ ಸೆಟ್ಟಿಂಗ್ ಓದೋಕೆ ಬರ್ತಿಲ್ಲ, ಅದಕ್ಕೇ ಮೂಕ. ಆಮೇಲೆ ನಾವು ಬರೋಕೆ ಮುಂಚೆ ಒಂದೇ ಒಂದು ಸಲ ಇದನ್ನ ತೆರೆದಿದಾರೆ. ಮಾರನೇ ಬೆಳಿಗ್ಗೆ ಏಳೂ ಐವತ್ತಕ್ಕೆ. ಇದೇ ನಕ್ಷೆ. ನಾಲ್ಕು ನಿಮಿಷ ನೋಡಿ ಮುಚ್ಚಿದಾರೆ."

"ಕಸ ಗುಡಿಸೋಳು ಹೆಣ ನೋಡಿದ್ದು ಒಂಬತ್ತಕ್ಕೆ."

"ಹಾಂ ತಾಯಿ."

ಹೊರಗೆ ಬೀದಿಯಲ್ಲಿ ಯಾರೋ ಗಾಡಿಯ ಹಾರನ್ ಒತ್ತಿ ಹಿಡಿದಿದ್ದರು. ಮುದುಕರ ದೇಹ ಮೆಟ್ಟಿಲ ಬುಡದಲ್ಲಿ ತಣ್ಣಗಾಗುತ್ತಿದ್ದ ಹೊತ್ತಿನಲ್ಲಿ ಯಾರೋ ಇಲ್ಲಿ, ಈ ದಿಂಬಿನ ಮೇಲೆ ಕುಳಿತು, ಅಳಿಸಬೇಕಾದದ್ದು ಏನಾದರೂ ಉಳಿದಿದೆಯೇ ಎಂದು ಹುಡುಕಿದ್ದರು. ಸರ್ವರ್‌ನಲ್ಲಿದ್ದದ್ದನ್ನು ಅಳಿಸಿಯಾಗಿತ್ತು. ಇಲ್ಲಿ ಬಿಳೀ ಪಟ್ಟಿ ಕಂಡು, ಏನೂ ಇಲ್ಲವೆಂದು ನಿಟ್ಟುಸಿರು ಬಿಟ್ಟು ಎದ್ದು ಹೋಗಿದ್ದರು.

"ದೊಡ್ಡ ಎಂಜಿನಿಯರನ್ನ ಕರೀರಿ," ಎಂದಳು ಇನ್ಸ್‌ಪೆಕ್ಟರ್.

ದೊಡ್ಡ ಎಂಜಿನಿಯರ್ ಬಂದರು. ಅರವತ್ತರ ಹತ್ತಿರದ ಅವರು ಎಂದೂ ದನಿ ಏರಿಸಿದ್ದನ್ನು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಆರು ದಿನದಲ್ಲಿ ಮೂರು ಸಲ ಇನ್ಸ್‌ಪೆಕ್ಟರ್ ಪ್ರಶ್ನೆಗಳಿಗೆ ಉತ್ತರಿಸಿದ್ದರು, ಮೂರು ಸಲವೂ ಮುದುಕರ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಈಗಲೂ ಖಾಲಿ ಕುರ್ಚಿಯನ್ನು ನೋಡಿ ಒಂದು ಕ್ಷಣ ನಿಂತರು.

"ಮತ್ತೆ ಇದೇ ಮಷೀನಾ ಮೇಡಂ? ಪಾಪ, ಅವರನ್ನ ಇನ್ನಾದ್ರೂ ನೆಮ್ಮದಿಯಾಗಿ ಬಿಡಬಾರದಾ?"

"ಅವರನ್ನ ನೆಮ್ಮದಿಯಾಗಿ ಬಿಡೋದಕ್ಕೇ ಬಂದಿದೀವಿ. ಕೂತ್ಕೊಳ್ಳಿ. ತಾತನ ಹೆಣ ಸಿಕ್ಕ ದಿನ ಬೆಳಿಗ್ಗೆ ನೀವು ಎಷ್ಟು ಹೊತ್ತಿಗೆ ಕಚೇರಿಗೆ ಬಂದ್ರಿ?"

"ಹೇಳಿದೀನಲ್ಲ. ಒಂಬತ್ತೂ ಕಾಲು. ಅಷ್ಟರಲ್ಲಿ ಜನ ಸೇರಿಬಿಟ್ಟಿದ್ರು."

"ಅದಕ್ಕೆ ಮುಂಚೆ ಬಂದಿರಲಿಲ್ಲ?"

"ಇಲ್ಲ."

"ಈ ನಕ್ಷೆಯ ಬಗ್ಗೆ ತಾತ ನಿಮಗೆ ಏನಾದ್ರೂ ಹೇಳಿದ್ರಾ? ಬಾಯಲ್ಲಿ, ಬರವಣಿಗೇಲಿ?"

"ಒಂದು ಮಾತೂ ಇಲ್ಲ. ಹೇಳಿದ್ರೆ ನಾನು ಬಿಡ್ತಿದ್ನಾ? ಹನ್ನೊಂದು ಜೀವ ಮೇಡಂ." ಕನ್ನಡಕ ತೆಗೆದರು. "ಅವರ ಕಣ್ಣು ಹೋಗಿತ್ತು. ಒಂದು ವರ್ಷದಿಂದ ಮುಚ್ಚಿಟ್ಟುಕೊಂಡು ಬಂದೆ. ಅದು ನನ್ನ ತಪ್ಪು, ಒಪ್ಕೊಳ್ತೀನಿ."

ಇನ್ಸ್‌ಪೆಕ್ಟರ್ ನಿಧಾನಪ್ಪನ ಕಡೆ ತಲೆಯಾಡಿಸಿದಳು.

ಅವನು ತಾತನ ಹಳೇ ಸೆಟ್ಟಿಂಗ್ ಇದ್ದ ಫೋಲ್ಡರನ್ನು ಹುಡುಕಿ ಅದರ ಹೆಸರನ್ನು ಬದಲಾಯಿಸಿದ. "ಅಳಿಸ್ತಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ, "ಹೆಸರು ಮಾತ್ರ ಬೇರೆ. ಹಳೇದು ಸಿಗದಿದ್ರೆ ಸಾಫ್ಟ್‌ವೇರು ತನಗೆ ಬೇಕಾದ ಹೊಸದನ್ನ ತಾನೇ ಮಾಡಿಕೊಳ್ಳುತ್ತೆ." ಮುಚ್ಚಿದ. ತುಟಿಯಲ್ಲಿ ಎಣಿಸಿದ. ತೆರೆದ.

ನಕ್ಷೆ ಬಂತು. ಬಲಕ್ಕೆ ಪಟ್ಟಿ ಬಂತು. ಬೂದು ಬಿಳುಪು.

ದೊಡ್ಡ ಎಂಜಿನಿಯರ್ ಕನ್ನಡಕ ಹಾಕಿಕೊಂಡರು. "ಏನೂ ಇಲ್ಲವಲ್ಲ," ಎಂದರು.

ಅವರ ಮಾತು ಮುಗಿಯುವ ಹೊತ್ತಿಗೆ ಪಟ್ಟಿ ಒಮ್ಮೆ ಮಿನುಗಿತು. ತುದಿಯಲ್ಲಿ ಚಿಕ್ಕ ಚಿಕ್ಕ ಗುಂಡಿಗಳು ಮೂಡಿದವು. ಅದರ ಕೆಳಗೆ ಒಂದು ಸಾಲು: 'ನಲವತ್ತೊಂದು ಟಿಪ್ಪಣಿಗಳನ್ನು ಮರೆಮಾಡಲಾಗಿದೆ.'

ನಕ್ಷೆ ಬಿಡಿಸುವವಳು ಎದ್ದು ನಿಂತಿದ್ದಳು.

ನಿಧಾನಪ್ಪ ಕೊನೆಯ ಗುಂಡಿ ಒತ್ತಿದ. ಹಾಳೆಯ ತುಂಬ ಕೆಂಪು ಹರಡಿತು. ಸುತ್ತುಗಳು, ಬಾಣಗಳು, ಅಡ್ಡಗೆರೆಗಳು. ಬಲಗಡೆ ಒಂದರ ಕೆಳಗೊಂದು ಆ ಮುದುಕರ ಮಾತು.

ಇನ್ಸ್‌ಪೆಕ್ಟರ್ ಅವರನ್ನು ಜೀವಂತ ನೋಡಿದವಳಲ್ಲ. ಮೊದಲ ಸಲ ಈಗ ಕಂಡಳು.

'ಈ ಬಾಗಿಲು ಗೋಡೆಯೊಳಕ್ಕೆ ತೆರೆಯುತ್ತದೆ. ದೆವ್ವಗಳಿಗೆ ಅನುಕೂಲ.'

'ಎರಡನೇ ಮಹಡಿಯ ಬಚ್ಚಲಿನ ನೀರು ಹೊರಗೆ ಹೋಗಲು ದಾರಿಯಿಲ್ಲ. ಸ್ನಾನಕ್ಕೆ ಹೋದವರು ಈಜಿ ಬರಬೇಕೇ?'

'ಹೊಟ್ಟೆಯಲ್ಲಿರುವ ಕೂಸು ನಿದ್ದೆಗೆ ಬಿಡುವುದಿಲ್ಲವೆಂದು ಗೊತ್ತು ಮಗಳೇ, ಆದರೂ ಈ ಕಿಟಕಿಯನ್ನು ಇನ್ನೊಮ್ಮೆ ಅಳತೆ ಮಾಡು.'

ನಕ್ಷೆ ಬಿಡಿಸುವವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಮೂವತ್ತೆಂಟನೆಯದರಲ್ಲಿ ತಮಾಷೆಯಿರಲಿಲ್ಲ. ನಿಧಾನಪ್ಪ ಅದನ್ನು ಗಟ್ಟಿಯಾಗಿ ಓದಿದ.

"'ಏಳನೇ ಕಂಬ. ಇಪ್ಪತ್ತೈದು ಮಿಲಿಮೀಟರಿನ ಎಂಟು ಕಬ್ಬಿಣದ ಕಂಬಿ ಇರಬೇಕಾದ ಕಡೆ ಹನ್ನೆರಡರ ನಾಲ್ಕು ಎಂದಿದೆ. ಇದು ಮುಂಬಾಗಿಲ ಚಾವಣಿಯ ಕಂಬದ ಲೆಕ್ಕ. ನಕಲು ಮಾಡುವಾಗ ಸಾಲು ತಪ್ಪಿದೆ. ಈ ಕಂಬದ ಮೇಲೆ ನೀರಿನ ಟ್ಯಾಂಕು ಕೂರುತ್ತದೆ. ದಯವಿಟ್ಟು ಕೆಲಸ ನಿಲ್ಲಿಸಿ.' ತಾರೀಖು, ಏಳು ತಿಂಗಳ ಹಿಂದಿನದು."

"ಸಾಲು ತಪ್ಪಿದೆ," ನಕ್ಷೆ ಬಿಡಿಸುವವಳು ಮೆಲ್ಲಗೆ ಹೇಳಿದಳು. "ಆ ಪಟ್ಟಿ ನಾನೇ ನಕಲು ಮಾಡಿದ್ದು." ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಬಾಣಂತನಕ್ಕೆ ರಜೆ ಹಾಕೋ ಹಿಂದಿನ ದಿನ. ನಾನೇ."

"ಕೂತ್ಕೋ ತಂಗಿ," ಎಂದಳು ಇನ್ಸ್‌ಪೆಕ್ಟರ್. "ತಪ್ಪು ನಿಂದು. ಅದನ್ನ ಹಿಡಿಯೋಕೆ ಅಂತ ಒಬ್ಬರಿದ್ರು, ಅವರು ಹಿಡಿದ್ರು. ಆಮೇಲೆ ಏನಾಯ್ತು ಅನ್ನೋದು ಇಲ್ಲಿ ವಿಷಯ. ಅಣ್ಣ, ಅದರ ಕೆಳಗಿರೋದು ಓದಿ."

ಆ ಟಿಪ್ಪಣಿಗೆ ಯಾರೋ ಉತ್ತರ ಬರೆದಿದ್ದರು. ಉತ್ತರದ ಪಕ್ಕದಲ್ಲಿ ದೊಡ್ಡ ಎಂಜಿನಿಯರ್ ಹೆಸರಿತ್ತು.

"'ನೋಡಿದ್ದೇನೆ. ಕಂಬ ಎದ್ದಾಗಿದೆ, ಈಗ ಒಡೆಯಲಾಗದು. ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸಲು ಹೇಳಿದ್ದೇನೆ. ಈ ವಿಷಯ ಇಲ್ಲಿಗೆ ಬಿಡಿ.' ಅದರ ಕೆಳಗೆ ಮತ್ತೆ ತಾತ. 'ಅರ್ಧ ತುಂಬಿಸಿ ಎಂದು ಯಾರಿಗೆ ಹೇಳಿದ್ದೀರಿ? ಅವನು ಕೆಲಸ ಬಿಟ್ಟರೆ ಮುಂದೆ ಬರುವವನಿಗೆ ಯಾರು ಹೇಳುತ್ತಾರೆ? ನಿಮ್ಮ ಮಾತಿನ ಮೇಲೆ ಸಹಿ ಹಾಕುತ್ತಿದ್ದೇನೆ, ನೆನಪಿರಲಿ.'"

ನಿಧಾನಪ್ಪ ಪರದೆಯನ್ನು ದೊಡ್ಡ ಎಂಜಿನಿಯರ್ ಕಡೆ ತಿರುಗಿಸಿದ.

"ಹೇಳಿ ಸಾಹೇಬ್ರೇ," ಎಂದಳು ಇನ್ಸ್‌ಪೆಕ್ಟರ್.

ದೊಡ್ಡ ಎಂಜಿನಿಯರ್ ದನಿ ಈಗಲೂ ಏರಲಿಲ್ಲ. "ಆ ಸಾಫ್ಟ್‌ವೇರಿನಲ್ಲಿ ಬರೆಯೋರ ಹೆಸರನ್ನ ಯಾರು ಏನು ಬೇಕಾದ್ರೂ ಹಾಕ್ಕೋಬಹುದು. ನನ್ನ ಹೆಸರು ಹಾಕಿ ಅವರೇ ಬರೆದಿರಬಹುದು. ತಪ್ಪನ್ನ ನನ್ನ ತಲೆಗೆ ಕಟ್ಟೋಕೆ. ಬೇಕಾದ್ರೆ ನಿಮ್ಮವರನ್ನೇ ಕೇಳಿ."

ಇನ್ಸ್‌ಪೆಕ್ಟರ್ ನೋಡಿದಳು. ನಿಧಾನಪ್ಪ ಮನಸ್ಸಿಲ್ಲದ ಮನಸ್ಸಿನಿಂದ ತಲೆಯಾಡಿಸಿದ. "ಅದು ನಿಜ ತಾಯಿ. ಹೆಸರು ಬದಲಾಯಿಸೋದು ಸುಲಭ."

"ನೋಡಿದ್ರಾ?" ದೊಡ್ಡ ಎಂಜಿನಿಯರ್ ಎದ್ದರು. "ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು ಅಂತ ಸುಮ್ಮನಿದ್ದೆ."

"ಕೂತ್ಕೊಳ್ಳಿ, ಮಾತು ಮುಗಿದಿಲ್ಲ." ಇನ್ಸ್‌ಪೆಕ್ಟರ್ ಚೀಲದಿಂದ ಒಂದು ಹಾಳೆ ತೆಗೆದಳು. "ಆ ವಸತಿಗೃಹದಲ್ಲಿ ಪಂಪು ಹಾಕ್ತಿದ್ದ ಮನುಷ್ಯ ಒಬ್ಬ ಇದ್ದ. ಹೋದ ತಿಂಗಳು ಕೆಲಸ ಬಿಟ್ಟು ಅಳಿಯನ ಊರಿಗೆ ಹೋದ. ನಿನ್ನೆ ಹೋಗಿ ಅವನನ್ನ ಮಾತಾಡಿಸಿದೆ. ಅವನು ಏನಂದ ಗೊತ್ತಾ? 'ಟ್ಯಾಂಕು ಅರ್ಧಕ್ಕಿಂತ ಮೇಲೆ ತುಂಬಿಸಬೇಡ ಅಂತ ದೊಡ್ಡ ಎಂಜಿನಿಯರೇ ಬಂದು ಹೇಳಿ ಹೋಗಿದ್ರು. ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.' ನಿನ್ನೆ ನನಗೆ ಅದರ ತಲೆಬುಡ ಅರ್ಥ ಆಗಿರಲಿಲ್ಲ. ಈಗ ಆಯ್ತು."

ದೊಡ್ಡ ಎಂಜಿನಿಯರ್ ಕುಳಿತರು.

"ಅವನ ಜಾಗಕ್ಕೆ ಹೊಸಬ ಬಂದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಬೇಸಿಗೆ, ನೀರು ಬಂದ ದಿನ ಕಂಠಮಟ್ಟ ತುಂಬಿಸಿದ. ಮೇಲೆ ಸದ್ದು ಕೇಳಿ ಆ ಹೆಂಗಸರು ಹೊರಗೋಡಿದ್ರು. ಬಾಗಿಲಿಂದ ಒಳಗೆ ಬಂದರೆ ಎಡಕ್ಕಿರೋ ಮೆಟ್ಟಿಲು ಹಿಡಿದ್ರು. ಏಳನೇ ಕಂಬ ಇದ್ದದ್ದು ಅದರ ಪಕ್ಕದಲ್ಲೇ. ರೂಮಿನಲ್ಲೇ ಕೂತವರು ಬದುಕಿದ್ರು. ಬಲಗಡೆ ಮೆಟ್ಟಿಲಲ್ಲಿ ಇಳಿದವರು ಬದುಕಿದ್ರು. ಎಡಕ್ಕೆ ಓಡಿದ ಹನ್ನೊಂದು ಜನಾನೂ ಸತ್ರು."

"ಕಂಬ ಎದ್ದಾಗಿತ್ತು," ಎಂದರು ದೊಡ್ಡ ಎಂಜಿನಿಯರ್, ತಮಗೇ ಹೇಳಿಕೊಳ್ಳುವಂತೆ. "ಮೂರು ಮಹಡಿ ಮೇಲೆ ಕೂತಿತ್ತು. ಒಡೆದ್ರೆ ಎಲ್ಲಾ ಒಡೀಬೇಕು. ಮೂವತ್ತೈದು ವರ್ಷದಲ್ಲಿ ನನ್ನ ಒಂದು ಗೋಡೇನೂ ಬಿರುಕು ಬಿಟ್ಟಿರಲಿಲ್ಲ ಮೇಡಂ. ಅರ್ಧ ನೀರಾದ್ರೆ ತಡ್ಕೊಳ್ಳುತ್ತೆ ಅಂತ ಲೆಕ್ಕ ಹಾಕಿದ್ದೆ. ತಡ್ಕೊಳ್ತು ಕೂಡ, ನಾಲ್ಕು ತಿಂಗಳು."

"ತಾತನ್ನ ಮೆಟ್ಟಿಲ ಹತ್ತಿರ ಕರೆದದ್ದು ನೀವಾ?"

ಅವರು ಬಾಯಿ ತೆರೆದರು. ಅಷ್ಟರಲ್ಲಿ ನಿಧಾನಪ್ಪ ಅಡ್ಡ ಬಂದ. ಅವನು ಎಂದೂ ಯಾರ ಮಾತಿಗೂ ಅಡ್ಡ ಬಂದವನಲ್ಲ.

"ತಾಯಿ, 'ಮುಗಿದಿಲ್ಲ' ಅಂದ್ರಲ್ಲ ನೀವು. ಇಲ್ಲೂ ಮುಗಿದಿಲ್ಲ. ಇನ್ನೊಂದಿದೆ. ಕೊನೇದು. ಅವರು ಸತ್ತ ಸಂಜೇದು."

"ಓದಿ."

"'ಇದೇ ಹಾಳೆಯನ್ನು ತಿದ್ದದೆ ಎರಡನೇ ಕಟ್ಟಡಕ್ಕೂ ಕಳಿಸಿದ್ದಾರೆಂದು ಇವತ್ತು ತಿಳಿಯಿತು. ಅಲ್ಲೂ ಕಂಬ ಎದ್ದಿದೆ. ಇನ್ನು ಸುಮ್ಮನಿರಲಾರೆ. ಈಗಲೇ ಕೇಳುತ್ತೇನೆ.'"

ಇನ್ಸ್‌ಪೆಕ್ಟರ್ ಎದ್ದು ನಿಂತಳು.

"ಯಾವ ಎರಡನೇ ಕಟ್ಟಡ?"

ದೊಡ್ಡ ಎಂಜಿನಿಯರ್ ನೆಲ ನೋಡುತ್ತಿದ್ದರು.

"ಯಾವ ಕಟ್ಟಡ ಅಂದೆ!"

ಹೇಳಿದ್ದು ನಕ್ಷೆ ಬಿಡಿಸುವವಳು. "ನರ್ಸುಗಳ ತರಬೇತಿ ಶಾಲೆ. ಹೊಸ ಕಟ್ಟಡ. ಹಳೇದರಿಂದ ಇವತ್ತೇ ಎಲ್ಲರೂ ಅಲ್ಲಿಗೆ ಹೋಗ್ತಿದಾರೆ." ಅವಳ ಕೈ ಆಗಲೇ ಮೇಜಿನ ಮೇಲಿನ ಕಾಗದಗಳನ್ನು ಕೆದಕುತ್ತಿತ್ತು. "ಫೋನ್ ನಂಬರ್ ಇಲ್ಲೇ ಎಲ್ಲೋ ಇತ್ತು... ಇಲ್ಲಿದೆ."

ಇನ್ಸ್‌ಪೆಕ್ಟರ್ ನಂಬರು ಒತ್ತಿದಳು. ಗಂಟೆ ಏಳೆಂಟು ಸಲ ಬಾರಿಸಿದ ಮೇಲೆ ಯಾರೋ ಎತ್ತಿದರು. ಹಿಂದೆ ಬೆಂಚು ಎಳೆಯುವ ಸದ್ದು, ಹುಡುಗಿಯರ ನಗು.

"ತರಬೇತಿ ಶಾಲೆ. ಗುಮಾಸ್ತೆ ಮಾತಾಡ್ತಿರೋದು."

"ನಾನು ಪೊಲೀಸ್ ಇನ್ಸ್‌ಪೆಕ್ಟರ್. ನಿಮ್ಮ ಕಟ್ಟಡದ ಮೇಲೆ ನೀರಿನ ಟ್ಯಾಂಕಿದೆಯಲ್ಲ, ಅದರಲ್ಲಿ ನೀರಿದೆಯಾ?"

"ಈಗ ತುಂಬ್ತಾ ಇದೆ ಮೇಡಂ. ಇವತ್ತೇ ಮೊದಲ ಸಲ. ಬೆಳಿಗ್ಗೆಯಿಂದ ಪಂಪು ಓಡ್ತಿದೆ, ಇನ್ನೇನು ತುಂಬಿತು."

"ಪಂಪು ನಿಲ್ಲಿಸಿ. ಈ ಕ್ಷಣ. ಮೇಲೆ ಎಷ್ಟು ಜನ ಇದೀರಿ?"

"ಎರಡನೇ ಮಹಡೀಲಿ, ಮೂರನೇ ಮಹಡೀಲಿ ಸೇರಿ ನೂರೆಂಬತ್ತು ಮಕ್ಕಳು. ಯಾಕೆ ಮೇಡಂ?"

"ಎಲ್ಲರನ್ನೂ ಕೆಳಗಿಳಿಸಿ ಹೊರಗೆ ಕಳಿಸಬೇಕು. ಗಲಾಟೆ ಮಾಡದೆ. ಒಂದು ನಿಮಿಷ ಇರಿ, ಫೋನ್ ಇಡಬೇಡಿ." ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ತಿರುಗಿದಳು. "ಟ್ಯಾಂಕು ಎಲ್ಲಿದೆ ಅಲ್ಲಿ? ಯಾವ ಮೆಟ್ಟಿಲು?"

"ಟ್ಯಾಂಕು ನಡೂ ಮಧ್ಯ," ನಕ್ಷೆ ಬಿಡಿಸುವವಳು ಹೇಳಿದಳು. "ಎರಡು ಮೆಟ್ಟಿಲ ನಡುವೆ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಏಳನೇ ಕಂಬ ಯಾವ ಕಡೆ ಅನ್ನೋದೇ..."

"ಎಡಕ್ಕೆ," ಎಂದರು ದೊಡ್ಡ ಎಂಜಿನಿಯರ್. ತಲೆ ಎತ್ತಿದ್ದರು. ಮುಖ ಬೂದಿಯಂತಾಗಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. "ಮೊದಲನೇದರ ಹಾಗೇ. ಬಾಗಿಲಿಂದ ಒಳಗೆ ಬಂದರೆ ಎಡಕ್ಕೆ. ಬಲಗಡೆ ಮೆಟ್ಟಿಲಲ್ಲಿ ಇಳಿಸಿ."

"ಅಲ್ಲ!" ನಕ್ಷೆ ಬಿಡಿಸುವವಳು ಕೂಗಿಯೇ ಬಿಟ್ಟಳು. "ಅಲ್ಲ ಮೇಡಂ, ಎರಡನೇದನ್ನ ತಿರುವಿ ಹಾಕಿದ್ವಿ. ಕನ್ನಡೀಲಿ ಕಂಡ ಹಾಗೆ. ರಸ್ತೆ ಬೇರೆ ಕಡೆ ಇತ್ತು ಅಂತ. ಎಡದ್ದೆಲ್ಲ ಬಲಕ್ಕೆ ಬಂತು, ನಾನೇ ತಿರುವಿದ್ದು. ಅಲ್ಲಿ ಏಳನೇ ಕಂಬ ಬಲಕ್ಕಿದೆ. ಬಲಕ್ಕೆ ಕಳಿಸಿದ್ರೆ ಅದರ ಬುಡಕ್ಕೇ ಕಳಿಸಿದ ಹಾಗೆ!"

"ನೀನು ತಿರುವಿದ್ದು ಕಾಗದದ ಮೇಲೆ. ನೀನು ರಜೆಗೆ ಹೋದ ಮೇಲೆ ಸೈಟಿನಲ್ಲಿ ಹಳೇ ಥರಾನೇ ಕಟ್ಟಿಸಿದೀವಿ," ಎಂದರು ದೊಡ್ಡ ಎಂಜಿನಿಯರ್. "ನಾನು ಅಲ್ಲಿ ನಿಂತು ನೋಡಿದೀನಿ. ನೀನು ನೋಡಿಲ್ಲ."

"ಸುಳ್ಳು. ಸೈಟಿಗೆ ಹೋದ ಹಾಳೆ ನಂದೇ."

ಫೋನಿನಲ್ಲಿ ನಗು ನಿಂತಿತ್ತು. ದೂರದಲ್ಲಿ, ಒಣ ಕಟ್ಟಿಗೆ ಮುರಿದಂಥ ಒಂದು ಸದ್ದು. ಆಮೇಲೆ ಯಾರೋ ಕಿರುಚಿದರು.

"ಮೇಡಂ?" ಗುಮಾಸ್ತೆ ಕೂಗಿದಳು. "ಮೇಲೆ ಏನೋ ಬಿರುಕು ಬಿಟ್ಟ ಹಾಗೆ ಸದ್ದಾಯ್ತು. ಎಲ್ಲಿ ಅಂತ ಗೊತ್ತಾಗ್ತಿಲ್ಲ, ಇಡೀ ಮೊಗಸಾಲೆ ತುಂಬ ಧೂಳು. ಮಕ್ಕಳೆಲ್ಲ ಮೇಲೆ ಕೋಣೆಗಳಿಂದ ಹೊರಗೆ ಬಂದು ನಿಂತಿದಾರೆ. ಎರಡು ಕಡೆನೂ ಮೆಟ್ಟಿಲಿದೆ. ಯಾವ ಕಡೆ ಇಳಿಸಲಿ?"

ಇನ್ಸ್‌ಪೆಕ್ಟರ್ ಇಬ್ಬರ ಮುಖವನ್ನೂ ನೋಡಿದಳು. ಒಬ್ಬರು ಆರು ದಿನದಿಂದ ಅವಳಿಗೆ ಸುಳ್ಳು ಹೇಳಿದ್ದರು. ಇನ್ನೊಬ್ಬಳು ಒಂದು ಸಲ ಸಾಲು ತಪ್ಪಿದ್ದಳು.

"ಮೇಡಂ, ಎಡಕ್ಕೋ ಬಲಕ್ಕೋ? ಬೇಗ ಹೇಳಿ!"

ಇನ್ಸ್‌ಪೆಕ್ಟರ್ ಅಂಗೈ ತೆಗೆದಳು.

"ಕೇಳಿಸ್ಕೋ ತಾಯಿ," ಎಂದಳು.